ಉಬ್ರಾಣಿಯ ಕಾಡೂ ಅಂಗಳದ ಬಣ್ಣವೂ

ಮಲೆನಾಡಿನ ಸೆರಗು ಮುಗಿದು ಬಯಲುಸೀಮೆಯು ಮೊದಲಾಗುವ ಎಡೆಯಲ್ಲಿ, ಚನ್ನಗಿರಿ ತಾಲ್ಲೂಕಿಗೆ ಸೇರಿ ಭದ್ರಾವತಿ ತರೀಕೆರೆಗಳ ನೆರೆಯಲ್ಲಿರುವ ಉಬ್ರಾಣಿ ಹೋಬಳಿಯು, ಗುಡ್ಡಗಳ ಮೇಲೆ ಎಲೆಯುದುರುವ ಕಾಡನ್ನೂ ತಗ್ಗುಗಳಲ್ಲಿ ಅಡಕೆಯ ತೋಟಗಳನ್ನೂ ಹೊತ್ತು, ಋತುವಿಗೊಂದು ವರ್ಣವನ್ನು ತೊಡುವ ಪ್ರದೇಶವಾಗಿದೆ. ಶೀತದೇಶಗಳ ಉದ್ಯಾನಗಳನ್ನು ಚಿತ್ರಗಳಲ್ಲಿ ಕಂಡವರು, ಜಪಾನಿನ ಮನೆಯಂಗಳದಲ್ಲಿ ಶರತ್ಕಾಲದ ಮೇಪಲ್ ಮರವು ದೇವದಾರು ಪೈನ್‌ಗಳ ಕಡುಹಸುರಿನ ಮುಂದೆ ರಕ್ತವರ್ಣವನ್ನು ತಾಳಿ ನಿಂತಿರುವುದನ್ನು ನೋಡಿ ಬೆರಗಾಗಿ, ಇಂಥ ಎಲೆಯ ಸೊಬಗು ನಮ್ಮ ನಾಡಿಗೆ ದೊರೆಯಲಿಲ್ಲವಲ್ಲ ಎಂದು ಕೊರಗುವುದುಂಟು. ಆ ಕೊರಗಿಗೆ ಆಧಾರವಿಲ್ಲ. ನಮ್ಮ ಶರತ್ಕಾಲವು ಮಳೆಯ ನೀರುಂಡು ಹಸುರು ಕೊಬ್ಬಿರುವ ಕಾಲ. ಇಲ್ಲಿ ಎಲೆಗೆ ಬಣ್ಣವೇರುವುದು ಶಿಶಿರದಲ್ಲಿ, ಆ ಬಣ್ಣವು ಪೂರ್ಣತೆಯನ್ನು ಪಡೆಯುವುದು ವಸಂತದಲ್ಲಿ. ಈ ಬಣ್ಣವನ್ನು ನಮ್ಮ ಹಿರಿಯರು ಹೇಗೆ ಕಂಡರು, ನಡುವೆ ಅದು ನಮ್ಮ ಕಣ್ಣಿಗೆ ಹೇಗೆ ಮರೆಯಾಯಿತು, ಅದರ ಸ್ಥಾನಕ್ಕೆ ದೂರದ್ವೀಪಗಳ ವರ್ಣಪತ್ರಗಳು ನಮ್ಮ ಅಂಗಳಗಳಿಗೆ ಹೇಗೆ ಬಂದವು ಎಂಬುದನ್ನು ಕ್ರಮವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ಕಾಡನ್ನು ನೋಡಬೇಕು. ಉಬ್ರಾಣಿಯ ಸುತ್ತಲ ಗುಡ್ಡಗಳಂಥ ಎಲೆಯುದುರುವ ಕಾಡುಗಳಲ್ಲಿ ತೇಗ, ಮತ್ತಿ, ಹೊನ್ನೆ, ದಿಂಡಿಗ, ನಂದಿ, ಬಿದಿರು, ಮುತ್ತುಗ, ಕಕ್ಕೆ, ನೆಲ್ಲಿ ಮೊದಲಾದವು ಒತ್ತಾಗಿ ಬೆಳೆಯುತ್ತವೆ. ಹಿಂಗಾರಿನ ಕೊನೆಯ ಹನಿಗಳು ಬಿದ್ದು ಮಾರ್ಗಶಿರದ ಚಳಿ ಹತ್ತಿದ ಬಳಿಕ ನೆಲದ ತೇವವು ಮೆಲ್ಲಮೆಲ್ಲನೆ ಇಳಿಯತೊಡಗುತ್ತದೆ. ಆಗ ಮರಗಳು ಉಳಿದ ನೀರನ್ನು ಕಾಪಾಡಿಕೊಳ್ಳುವ ಸಲುವಾಗಿ ಎಲೆಗಳನ್ನು ತ್ಯಜಿಸಲು ಸಿದ್ಧವಾಗುತ್ತವೆ. ಎಲೆಯಲ್ಲಿದ್ದ ಹರಿದ್ರವ್ಯವು ಒಡೆದು, ಅದರ ಸಾರವು ಕೊಂಬೆಗೂ ಕಾಂಡಕ್ಕೂ ಹಿಂದಿರುಗಲು, ಅದರ ಮರೆಯಲ್ಲಿ ಮೊದಲಿನಿಂದಲೂ ಇದ್ದ ಹಳದಿಯು ಹೊರಗೆ ಕಾಣುತ್ತದೆ. ಪುಷ್ಯ ಮಾಘಗಳಲ್ಲಿ ದಿಂಡಿಗದ ಎಲೆಯು ತಾಮ್ರದ ಛಾಯೆಗೆ ತಿರುಗುತ್ತದೆ. ನಂದಿಯು ಕೆಂಗಂದು ಬಣ್ಣವನ್ನು ಪಡೆಯುತ್ತದೆ. ನೆಲ್ಲಿಯ ಕಿರುಪತ್ರಗಳು ಹಳದಿಯಾಗಿ ಉದುರುತ್ತವೆ. ತೇಗದ ಅಗಲವಾದ ಎಲೆಗಳು ಒಣಗಿ ನೆಲದ ಮೇಲೆ ಹಾಸಿಕೊಂಡು, ದನ ನಡೆದರೂ ಮೊಲ ಓಡಿದರೂ ದೂರದವರೆಗೆ ಸದ್ದು ಕೇಳಿಸುತ್ತವೆ. ಶೀತದೇಶದ ಮರಕ್ಕೆ ಎಲೆಯುದುರಿಸೆಂದು ಸೂಚಿಸುವುದು ಕುಗ್ಗುವ ಹಗಲೂ ಹೆಚ್ಚುವ ಚಳಿಯೂ. ಇಲ್ಲಿಯ ಮರಕ್ಕೆ ಸೂಚಿಸುವುದು ಮುಖ್ಯವಾಗಿ ನೆಲದ ನೀರು. ಆದುದರಿಂದ ಅಲ್ಲಿ ಬಣ್ಣವು ಇಡೀ ಕಾಡನ್ನು ಕೆಲವೇ ವಾರಗಳಲ್ಲಿ ಆವರಿಸಿದರೆ, ಇಲ್ಲಿ ಕಲ್ಲುಗುಡ್ಡದ ನೆತ್ತಿಯಲ್ಲಿ ಮೊದಲು ಹುಟ್ಟಿ, ಇಳಿಜಾರಿನಲ್ಲಿ ತಡವಾಗಿ, ಹಳ್ಳದ ಅಂಚಿನಲ್ಲಿ ಎಲ್ಲಕ್ಕಿಂತ ಕೊನೆಗೆ ಕಾಣಿಸಿಕೊಳ್ಳುತ್ತದೆ.

ಆದರೆ ಇದು ಪೂರ್ವಭಾಗ ಮಾತ್ರ. ಫಾಲ್ಗುಣ ಚೈತ್ರಗಳಲ್ಲಿ, ಮಳೆಯ ಹನಿಯೂ ಇಲ್ಲದ ಬಿಸಿಲಿನ ನಡುವೆ, ಸಾಗಡೆಯ ಮರವು ಬರಿಯ ಕೊಂಬೆಗಳ ತುದಿಯಿಂದ ಒಮ್ಮೆಗೇ ಕೆಂಪು ಚಿಗುರನ್ನು ಹೊರಡಿಸಿದಾಗ, ದೂರದಿಂದ ನೋಡಿದವರು ಇಡೀ ಮರವೇ ಹೂಬಿಟ್ಟಿತೆಂದು ಭ್ರಮಿಸುವಷ್ಟು ಅದರ ವರ್ಣವು ಗಾಢವಾಗಿರುತ್ತದೆ. ಅರಳಿಯ ಎಳೆಯೆಲೆಯು ತಾಮ್ರದ ಹೊಳಪನ್ನೂ, ಮಾವಿನ ಚಿಗುರು ನೇರಳೆ ಬೆರೆತ ಕಂದನ್ನೂ, ಬೇವಿನದು ನಸುಗೆಂಪನ್ನೂ, ಹೊಂಗೆಯದು ಮಿರುಗುವ ಎಳೆಹಸುರನ್ನೂ ತೋರುತ್ತವೆ. ಸೀತಾಶೋಕದ ತಳಿರು ಜೋತುಬಿದ್ದ ಕುಚ್ಚುಗಳಾಗಿ ಇಳಿಯುತ್ತದೆ. ಈ ಕೆಂಪಿಗೆ ಕಾರಣವಾದ ಆಂಥೋಸಯನಿನ್ ಎಂಬ ದ್ರವ್ಯವೇ ಜಪಾನಿನ ಮೇಪಲ್ಲಿನ ಸಾಯುವ ಎಲೆಯನ್ನೂ ಕೆಂಪಾಗಿಸುವುದು. ಎಲೆಯು ಇನ್ನೂ ಎಳೆಯದಾಗಿ ಪ್ರಖರವಾದ ಬಿಸಿಲನ್ನು ತಾಳಲಾರದಿರುವಾಗ ಈ ವರ್ಣವು ಅದಕ್ಕೆ ರಕ್ಷಣೆ ಕೊಡುವುದೆಂದೂ, ಎಲೆ ತಿನ್ನುವ ಹುಳುಗಳಿಂದ ಅದನ್ನು ಕಾಯುವುದೆಂದೂ ಸಸ್ಯಶಾಸ್ತ್ರಜ್ಞರು ವಿವರಿಸುತ್ತಾರೆ. ಒಂದೇ ದ್ರವ್ಯವು ಅಲ್ಲಿ ಎಲೆಯ ಅಂತ್ಯದಲ್ಲಿಯೂ ಇಲ್ಲಿ ಎಲೆಯ ಜನನದಲ್ಲಿಯೂ ಪ್ರಕಟವಾಗುವುದೆಂಬುದು ಈ ಎರಡು ನಾಡುಗಳ ಸೌಂದರ್ಯಬುದ್ಧಿಯ ವ್ಯತ್ಯಾಸಕ್ಕೆ ಮೂಲವಾದ ಸಂಗತಿಯೆಂದು ನಾನು ಭಾವಿಸುತ್ತೇನೆ.

ನಮ್ಮ ಪ್ರಾಚೀನರು ಈ ವಿಷಯವನ್ನು ಚೆನ್ನಾಗಿ ಅರಿತಿದ್ದರು. ಕಾಳಿದಾಸನ 'ಋತುಸಂಹಾರ'ವು ಗ್ರೀಷ್ಮದಿಂದ ಮೊದಲಾಗಿ ಆರು ಸರ್ಗಗಳಲ್ಲಿ ಸಾಗಿ ವಸಂತದಲ್ಲಿ ಮುಕ್ತಾಯವಾಗುತ್ತದೆ. ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಋತುವೂ ಉದ್ಯಾನವೂ ಸೇರಿದ್ದುವು. 941ರಲ್ಲಿ ಭಾರತವನ್ನು ಕನ್ನಡದಲ್ಲಿ ರಚಿಸಿದ ಪಂಪನು ಬನವಾಸಿಯನ್ನು ಸ್ಮರಿಸುವಾಗ ಅಲ್ಲಿಯ ಮಾವು ಮಲ್ಲಿಗೆಗಳೇ ಅವನ ಮನಸ್ಸನ್ನು ತುಂಬುತ್ತವೆ. ಉಬ್ರಾಣಿಗೆ ಅನತಿದೂರದಲ್ಲಿ, ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮಿತಯ್ಯನು 1196ರಲ್ಲಿ ಕಟ್ಟಿಸಿದ ಅಮೃತಾಪುರದ ಅಮೃತೇಶ್ವರ ದೇವಾಲಯದ ಶಾಸನವನ್ನು ಬರೆದ ಜನ್ನನೂ ವಸಂತವನ್ನು ತನ್ನ ಕಾವ್ಯದಲ್ಲಿ ಆದರದಿಂದ ಎತ್ತಿಹಿಡಿದವನು. ಇವರೆಲ್ಲರಿಗೂ ಎಲೆಯ ಕೆಂಪೆಂದರೆ ಚಿಗುರಿನ ಕೆಂಪು. ಸುಂದರಿಯ ಅಧರಕ್ಕೂ ಅಂಗೈಗೂ ಉಪಮಾನವಾಗಿ ಅವರು ಕೊಂಡದ್ದು ತಳಿರನ್ನು, ತರಗೆಲೆಯನ್ನಲ್ಲ.

ಕಾವ್ಯದಲ್ಲಿದ್ದ ಈ ಆದರವು ಕಲ್ಲಿನಲ್ಲಿಯೂ ರೂಪುಗೊಂಡಿದ್ದಿತು. ಇದೇ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ 16ನೆಯ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕನು ನಿರ್ಮಿಸಿದ ಪುಷ್ಕರಿಣಿಯನ್ನು ನೋಡಿದವರಿಗೆ, ನಾಲ್ಕು ಕಡೆಗಳಿಂದಲೂ ಇಳಿಯುವ ಮೆಟ್ಟಿಲುಗಳ ನಡುವೆ, ನೀರಿನ ಮಧ್ಯದಲ್ಲಿ ಎದ್ದು ನಿಂತ ಮಂಟಪವು ಮರೆಯಲಾರದ ದೃಶ್ಯವಾಗಿ ಉಳಿಯುತ್ತದೆ. ಆ ಮಂಟಪಕ್ಕೆ ವಸಂತಮಂಟಪವೆಂದೇ ಹೆಸರು. ಪಕ್ಕದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ ಮುಸಾಫಿರಖಾನೆಯು ನಿಂತಿದೆ. ಹಿಂದೂ ಮುಸಲ್ಮಾನ ಶಿಲ್ಪಪದ್ಧತಿಗಳೆರಡೂ ಅಲ್ಲಿ ಒಂದೇ ಜಲರಾಶಿಯಲ್ಲಿ ಪ್ರತಿಬಿಂಬಿತವಾಗುತ್ತವೆ. ಬಿಸಿಲು ಏರುವ ಕಾಲದಲ್ಲಿ ನೀರಿನ ತಂಪನ್ನು ಆಶ್ರಯಿಸಿ ಋತುವಿನ ಉತ್ಸವವನ್ನು ಆಚರಿಸುವುದು ನಮ್ಮ ದೇವಾಲಯಗಳಲ್ಲಿಯೂ ಅರಮನೆಗಳಲ್ಲಿಯೂ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ಜಪಾನಿನವರು ಶರತ್ಕಾಲದಲ್ಲಿ ಕೆಂಪೆಲೆಗಳನ್ನು ನೋಡಲೆಂದೇ ಬೆಟ್ಟಗಳಿಗೆ ಯಾತ್ರೆ ಹೊರಟರೆ, ನಮ್ಮವರು ವರ್ಷದ ವರ್ಣೋತ್ಸವವನ್ನು ವಸಂತಕ್ಕೆ ಮೀಸಲಿಟ್ಟಿದ್ದರು.

ಈ ದೃಷ್ಟಿಯು ಯಾವಾಗ ಮಸುಕಾಯಿತು? ಮರವನ್ನು ಘನ ಅಡಿಗಳಲ್ಲಿಯೂ ಇದ್ದಿಲಿನ ತೂಕದಲ್ಲಿಯೂ ಅಳೆಯತೊಡಗಿದ ಕಾಲದಲ್ಲಿ ಅದು ಮೊದಲಾಯಿತೆಂದು ಹೇಳಬಹುದು. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆಯು 1864ರಲ್ಲಿ ಸ್ಥಾಪಿತವಾಗಿ, ಕಾಡುಗಳಿಗೆ ಎಲ್ಲೆಗಳು ಗುರುತಾದುವು. ತೇಗ ಬೀಟೆ ಹೊನ್ನೆಗಳು ಬೆಲೆಯುಳ್ಳ ಮರಗಳೆಂದೂ ಉಳಿದವು ಸೌದೆಯೆಂದೂ ವಿಂಗಡವಾದುವು. ಅನಂತರ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಸ್ಥಾಪಿತವಾಗಿ, 1923ರ ಜನವರಿಯಲ್ಲಿ ಅದರ ಊದುಕುಲುಮೆಗೆ ಬೆಂಕಿ ಬಿದ್ದಿತು. ಕಲ್ಲಿದ್ದಲು ದೊರೆಯದ ನಾಡಿನಲ್ಲಿ ಆ ಕುಲುಮೆಯು ಉರಿದದ್ದು ಇದ್ದಿಲಿನಿಂದ. ಸುತ್ತಲ ಕಾಡುಗಳಿಂದ ಬಂದ ಕಟ್ಟಿಗೆಯನ್ನು ಬಟ್ಟಿಯಿಳಿಸಿ ಇದ್ದಿಲನ್ನೂ ಜೊತೆಗೆ ಹಲವು ರಾಸಾಯನಿಕಗಳನ್ನೂ ಅಲ್ಲಿ ತೆಗೆಯುತ್ತಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ನೆಲೆನಿಂತ ಆ ಕಾರ್ಖಾನೆಯು ಸಹಸ್ರಾರು ಕುಟುಂಬಗಳಿಗೆ ಅನ್ನವನ್ನು ಕೊಟ್ಟಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆ ಅನ್ನದ ಹಿಂದೆ ಸುತ್ತಲ ಮತ್ತಿ ದಿಂಡಿಗಗಳ ಋಣವೂ ಇದ್ದಿತೆಂಬುದನ್ನು ಅಷ್ಟೇ ಗೌರವದಿಂದ ನೆನೆಯಬೇಕು. ಅದಿರು ಬಂದುದು ಕೆಮ್ಮಣ್ಣುಗುಂಡಿಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯ ವಿಶ್ರಾಂತಿಗೆ ಆರಿಸಿಕೊಂಡ ಅದೇ ಬೆಟ್ಟವು ಮುಂದೆ ತೋಟಗಾರಿಕೆ ಇಲಾಖೆಯ ಗಿರಿಧಾಮವಾಗಿ, ಗುಲಾಬಿಯ ತೋಟಗಳಿಂದ ಶೋಭಿಸತೊಡಗಿತು. ಒಂದೇ ಬೆಟ್ಟವು ಕುಲುಮೆಗೆ ಅದಿರನ್ನೂ ಕಣ್ಣಿಗೆ ಉದ್ಯಾನವನ್ನೂ ಒದಗಿಸಿತು.

ಉದ್ಯಾನವೆಂಬ ಭಾವನೆಯೇ ಈ ಅವಧಿಯಲ್ಲಿ ಹೊಸರೂಪವನ್ನು ಪಡೆಯಿತು. ಅದರ ಕೇಂದ್ರವು ಬೆಂಗಳೂರಿನ ಲಾಲ್‌ಬಾಗ್. 1760ರಲ್ಲಿ ಹೈದರಾಲಿಯು ತೊಡಗಿಸಿ, ಟಿಪ್ಪು ಸುಲ್ತಾನನು ಪರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ಬೆಳೆಸಿದ ಆ ತೋಟವು, 1856ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಅಧಿಕಾರಕ್ಕೆ ಬಂದ ಜಾನ್ ಕ್ಯಾಮೆರಾನ್ ಹಲವು ಪರದೇಶೀಯ ಸಸ್ಯಗಳನ್ನು ಒಗ್ಗಿಸಿ, ಅವುಗಳ ಪಟ್ಟಿಯನ್ನು ಪ್ರಕಟಿಸಿದರು. ಗಾಜಿನಮನೆಗೆ 1889ರಲ್ಲಿ ಅಸ್ತಿಭಾರ ಬಿದ್ದಿತು. ಅವರ ಬಳಿಕ 1908ರಲ್ಲಿ ಬಂದ ಜರ್ಮನಿಯ ಗುಸ್ತಾವ್ ಹೆರ್ಮನ್ ಕ್ರುಂಬಿಗಲ್ ಅವರು, ಬರೋಡೆಯ ಮಹಾರಾಜರ ಸೇವೆಯಲ್ಲಿ ಪಳಗಿದ್ದವರು, ವರ್ಷದ ಪ್ರತಿಯೊಂದು ಕಾಲದಲ್ಲಿಯೂ ನಗರದ ಯಾವುದಾದರೊಂದು ಮರವು ಹೂವಿನಿಂದ ತುಂಬಿರುವಂತೆ ಸಾಲುಮರಗಳನ್ನು ಯೋಜಿಸಿದರು. ಅದು ಋತುಚಕ್ರವನ್ನು ಬೀದಿಗಳ ಮೇಲೆಯೇ ಬರೆದ ಮಹಾಕಾರ್ಯ. ಆದರೂ ಅಲ್ಲಿ ಪ್ರಾಧಾನ್ಯವು ಹೂವಿಗೆ ಸಂದಿತು. ಗುಲ್‌ಮೊಹರ್, ಜಕರಾಂಡಗಳು ನಮ್ಮ ಬೇಸಗೆಯ ಚಿಹ್ನೆಗಳಾದುವು, ಸಾಗಡೆಯ ತಳಿರು ಕಾಡಿನಲ್ಲಿಯೇ ಉಳಿಯಿತು.

ಇನ್ನು ಮೇಪಲ್ಲಿನ ಕಥೆ. ಎಡೋ ಎಂದು ಆಗ ಕರೆಯುತ್ತಿದ್ದ ಇಂದಿನ ಟೋಕಿಯೋ ನಗರದಲ್ಲಿ, ಇತೋ ಮನೆತನದ ತೋಟಗಾರರು 17ನೆಯ ಶತಮಾನದ ಕೊನೆಯಲ್ಲಿಯೂ 18ನೆಯದರ ಆದಿಯಲ್ಲಿಯೂ ಮೇಪಲ್ಲಿನ ತಳಿಗಳಿಗೆ ಹೆಸರಿಟ್ಟು ಗ್ರಂಥಗಳಲ್ಲಿ ವರ್ಣಿಸಿದ್ದರು. ಡಚ್ಚರ ವೈದ್ಯನಾಗಿ 1775ರಲ್ಲಿ ನಾಗಸಾಕಿಗೆ ಬಂದ ಸ್ವೀಡನ್ನಿನ ಕಾರ್ಲ್ ಪೀಟರ್ ಥುನ್‌ಬರ್ಗ್ ತನ್ನ 1784ರ ಗ್ರಂಥದಲ್ಲಿ ಆ ಮರವನ್ನು ಪಶ್ಚಿಮಕ್ಕೆ ಪರಿಚಯಿಸಿದನು. 1860ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಸಸ್ಯವ್ಯಾಪಾರಿಗಳಾದ ವೀಚ್ ಮನೆತನದ ಯುವಕ ಜಾನ್ ಗೂಲ್ಡ್ ವೀಚ್ ಜಪಾನಿಗೆ ಹೋಗಿ ಅಲ್ಲಿಯ ಪೈನಿನಂಥ ಶಂಕುಧಾರಿ ಮರಗಳನ್ನು ವಿಶೇಷವಾಗಿ ಸಂಗ್ರಹಿಸಿ ತಂದನು. ಮೇಪಲ್ ಮತ್ತು ಶಂಕುಧಾರಿಗಳನ್ನು ಜೊತೆಗೂಡಿಸಿ ಬೆಳೆಸುವ ಜಪಾನೀ ಉದ್ಯಾನಶೈಲಿಯು ಯೂರೋಪಿನಲ್ಲಿ ಹಬ್ಬಿದ್ದು ಆ ಶತಮಾನದ ಉತ್ತರಾರ್ಧದಲ್ಲಿ. ಆದರೆ ಆ ಮರಕ್ಕೆ ಚಳಿಗಾಲದ ದೀರ್ಘನಿದ್ರೆಯು ಅತ್ಯಾವಶ್ಯಕ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿಯೇ ದೊರೆಯದ ಆ ಚಳಿಯು, ಅದಕ್ಕಿಂತ ತಗ್ಗಿನಲ್ಲಿರುವ ಉಬ್ರಾಣಿಯಲ್ಲಿ ದೊರೆಯುವ ಮಾತೇ ಇಲ್ಲ. ಮೇಪಲ್ ನಮ್ಮ ಅಂಗಳಕ್ಕೆ ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ.

ಬಂದುದು ಬೇರೆಯ ಗಿಡ; ಅದರ ಪ್ರಸಾರದಲ್ಲಿ ಮುಖ್ಯಪಾತ್ರವನ್ನು ವಹಿಸಿದವನೂ ಅದೇ ವೀಚ್. ಜಪಾನಿನಿಂದ ಹಿಂದಿರುಗಿದ ಆತನು 1864ರಲ್ಲಿ ಮತ್ತೆ ಹೊರಟು, ಆಸ್ಟ್ರೇಲಿಯವನ್ನೂ ದಕ್ಷಿಣಸಮುದ್ರದ ದ್ವೀಪಗಳನ್ನೂ ಸುತ್ತಿ, ಬಣ್ಣದೆಲೆಯ ಕ್ರೋಟನ್‌ಗಳನ್ನೂ ಡ್ರಾಸೀನಗಳನ್ನೂ ತಂದು, ಇನ್ನೂ ಯೌವನದಲ್ಲಿಯೇ 1870ರಲ್ಲಿ ಕ್ಷಯರೋಗಕ್ಕೆ ತುತ್ತಾದನು. ಮೊಲುಕ್ಕ ದ್ವೀಪಗಳಲ್ಲಿ ರಂಫಿಯಸ್ ಎಂಬ ಸಸ್ಯವಿಜ್ಞಾನಿಯು 17ನೆಯ ಶತಮಾನದಲ್ಲಿಯೇ ವರ್ಣಿಸಿದ್ದ ಕ್ರೋಟನ್ ಗಿಡವು ಯೂರೋಪಿನ ಗಾಜಿನಮನೆಗಳಲ್ಲಿ ದೊಡ್ಡ ವ್ಯಾಮೋಹಕ್ಕೆ ಕಾರಣವಾಯಿತು. ಅಲ್ಲಿ ಕಾಸಿದ ಗಾಳಿಯಲ್ಲಿ ಕಷ್ಟದಿಂದ ಬದುಕಬೇಕಾಗಿದ್ದ ಆ ಗಿಡವು ಭಾರತದ ತೋಟಗಳಿಗೆ ಬಂದು, ಇಲ್ಲಿಯ ಬಿಸಿಲಿನಲ್ಲಿ ಹಳದಿ, ಕೆಂಪು, ನೇರಳೆ, ಕಪ್ಪುಗೆಂಪುಗಳನ್ನು ಧಾರಾಳವಾಗಿ ಹೊರಸೂಸಿತು. ಕೊಂಬೆಯೊಂದನ್ನು ಮುರಿದು ಮಳೆಗಾಲದಲ್ಲಿ ನೆಟ್ಟರೆ ಬೇರೂರುವ ಸುಲಭಗುಣದಿಂದ ಅದು ಕೈಯಿಂದ ಕೈಗೆ, ಅಂಗಳದಿಂದ ಅಂಗಳಕ್ಕೆ ಹರಡಿತು. ಜಪಾನಿನ ಉದ್ಯಾನವನ್ನು ಇಂಗ್ಲೆಂಡಿಗೆ ಒಯ್ದ ಕೈಯೇ ನಮ್ಮ ಮನೆಯ ಮುಂದಣ ಕ್ರೋಟನ್ನಿನ ಪ್ರಯಾಣಕ್ಕೂ ದಾರಿಮಾಡಿತೆಂಬುದು ಉದ್ಯಾನಚರಿತ್ರೆಯ ಸೂಕ್ಷ್ಮವಾದ ಬಂಧನಗಳಲ್ಲೊಂದು.

ಕ್ರುಂಬಿಗಲ್ ಅವರ ಪ್ರೇರಣೆಯಿಂದ 1912ರಲ್ಲಿ ಹುಟ್ಟಿದ ಮೈಸೂರು ತೋಟಗಾರಿಕಾ ಸಂಘವೂ, ಅದರ ಫಲಪುಷ್ಪ ಪ್ರದರ್ಶನಗಳೂ ಈ ಅಭಿರುಚಿಯನ್ನು ಜನಸಾಮಾನ್ಯರವರೆಗೆ ಒಯ್ದುವು. ಸ್ವಾತಂತ್ರ್ಯಾನಂತರ ಡಾ. ಎಂ. ಎಚ್. ಮರಿಗೌಡರು ತೋಟಗಾರಿಕೆಯನ್ನು ಪ್ರತ್ಯೇಕ ಇಲಾಖೆಯಾಗಿ ರೂಪಿಸಿ, ನಾಡಿನ ಉದ್ದಗಲಕ್ಕೂ ಸಸ್ಯಕ್ಷೇತ್ರಗಳನ್ನು ಸ್ಥಾಪಿಸಿದ್ದರಿಂದ, ತಾಲ್ಲೂಕಿನ ರೈತನಿಗೂ ಸಸಿಯು ಕೈಗೆಟುಕುವಂತಾಯಿತು. ಪ್ರವಾಸಿಮಂದಿರ, ಆಸ್ಪತ್ರೆ, ಶಾಲೆಗಳ ಮುಂದೆ ಕ್ರಿಸ್ಮಸ್ ಮರವೆಂದು ಜನರು ಕರೆಯುವ ಅರೌಕೇರಿಯವೂ, ಮಕ್ಕಳು ವಿದ್ಯೆಯ ಎಲೆಯೆಂದು ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಳ್ಳುವ ತೂಜವೂ ಕಾಣಿಸಿಕೊಂಡುವು. ಶಂಕುಧಾರಿಗಳ ಮಹಾಕುಲದಿಂದ ನಮ್ಮ ಹಳ್ಳಿಗಳವರೆಗೆ ನಡೆದುಬಂದ ಪ್ರತಿನಿಧಿಗಳೆಂದರೆ ಇವೇ. ಇವುಗಳ ನೆರೆಯಲ್ಲಿ ಮೆಕ್ಸಿಕೋ ದೇಶದ ಪಾಯಿನ್‌ಸೆಟಿಯವೂ ನೆಲೆಯೂರಿತು. ಇರುಳು ದೀರ್ಘವಾಗುವುದನ್ನು ಅರಿತು, ಧನುರ್ಮಾಸದ ಹೊತ್ತಿಗೆ ತುದಿಯ ಎಲೆಗಳನ್ನು ಕೆಂಪಾಗಿಸುವ ಆ ಗಿಡವು ಕುಗ್ಗುವ ಹಗಲಿನ ಸೂಚನೆಗೆ ಮೇಪಲ್ಲಿನಂತೆಯೇ ಓಗೊಡುವುದರಿಂದ, ಶೀತದೇಶದ ಶರತ್ತಿಗೆ ಹತ್ತಿರದ ಅನುಭವವನ್ನು ನಮ್ಮ ಬಾಗಿಲಲ್ಲಿ ತಂದಿಡುವುದು ಅದೇ. ಹಳೆಯ ಶಾಲೆಗಳ ಅಂಗಳದ ನಾಡಬಾದಾಮಿಯೂ ಎಲೆ ಉದುರಿಸುವ ಮುನ್ನ ಅಗಲವಾದ ಎಲೆಗಳನ್ನು ಪೂರ್ಣವಾಗಿ ಕೆಂಪಾಗಿಸುತ್ತದೆ; ಬಿದ್ದ ಆ ಎಲೆಗಳನ್ನು ಆಯ್ದುಕೊಳ್ಳದೆ ಬೆಳೆದ ಮಕ್ಕಳು ನಮ್ಮ ಊರುಗಳಲ್ಲಿ ವಿರಳ.

ಈಚಿನ ಕಾಲದಲ್ಲಿ ಈ ಪ್ರದೇಶದ ವರ್ಣವು ಮತ್ತೊಮ್ಮೆ ಬದಲಾಗುತ್ತಿದೆ. ಭದ್ರಾ ಜಲಾಶಯದ ನಾಲೆಗಳೂ, ಕೊಳವೆಬಾವಿಗಳೂ, ಕೆರೆಗಳಿಗೆ ನೀರನ್ನು ಎತ್ತಿ ತುಂಬಿಸುವ ಉಬ್ರಾಣಿ-ಅಮೃತಾಪುರ ಏತ ನೀರಾವರಿಯಂಥ ಯೋಜನೆಗಳೂ ಒದಗಿದ ಮೇಲೆ, ರಾಗಿ ಜೋಳಗಳ ಹೊಲಗಳು ಅಡಕೆಯ ತೋಟಗಳಾಗಿ ಮಾರ್ಪಟ್ಟಿವೆ. ಬರಗಾಲವನ್ನು ಕಂಡುಂಡ ಒಕ್ಕಲಿನವರು ನೀರು ಬಂದೊಡನೆ ನಾಲ್ಕು ಕಾಸು ತರುವ ಬೆಳೆಗೆ ತಿರುಗಿದುದು ಸಹಜವೂ ನ್ಯಾಯವೂ ಆದ ನಡೆ. ಅಡಕೆಯು ನಿತ್ಯಹರಿತ; ಋತುವಿಗೊಂದು ವರ್ಣವನ್ನು ತೋರುವ ಮರವಲ್ಲ. ಅದು ಹೊಲದ ಬದುಗಳವರೆಗೆ ವ್ಯಾಪಿಸಿದಂತೆಲ್ಲ, ಬದುವಿನಲ್ಲಿ ನಿಂತಿದ್ದ ಹೊಂಗೆ, ಮುತ್ತುಗ, ಸಾಗಡೆಗಳು ತೆರವಾಗುತ್ತ, ಶಿಶಿರ ವಸಂತಗಳ ಗುರುತು ಗುಡ್ಡದ ಮೇಲೆ ಮಾತ್ರ ಉಳಿಯುವ ಸ್ಥಿತಿಯು ಒದಗುತ್ತಿದೆ.

ಇಲ್ಲಿಯೇ ಜಪಾನಿನ ತೋಟಗಾರನಿಂದ ನಾವು ಕಲಿಯಬೇಕಾದ ತತ್ತ್ವವೊಂದಿದೆ. ಆತನು ಮೇಪಲ್ಲನ್ನು ಒಂಟಿಯಾಗಿ ನೆಡುವುದಿಲ್ಲ. ವರ್ಷವಿಡೀ ಬದಲಾಗದ ಶಂಕುಧಾರಿಯ ಕಡುಹಸುರನ್ನು ಹಿಂದೆ ನಿಲ್ಲಿಸಿ, ಅದರ ಮುಂದೆ ಬದಲಾಗುವ ಎಲೆಯನ್ನು ಇರಿಸುತ್ತಾನೆ. ಸ್ಥಿರವಾದುದರ ಸನ್ನಿಧಿಯಲ್ಲಿಯೇ ಚಂಚಲವಾದುದರ ಸೌಂದರ್ಯವು ಸ್ಫುಟವಾಗುತ್ತದೆ. ಮರವನ್ನು ಎರವಲು ತರಲಾಗದಿದ್ದರೂ ಈ ತತ್ತ್ವವನ್ನು ತರಬಹುದು. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಉಬ್ರಾಣಿಯಲ್ಲಿ ಈಗಾಗಲೇ ಇದೆ. ಶಂಕುಧಾರಿಯ ಸ್ಥಾನದಲ್ಲಿ ಅಡಕೆ, ಹಲಸು, ಸಂಪಿಗೆಗಳು ನಿಲ್ಲಲಿ. ಅವುಗಳ ಮುಂದೆ, ಬೇಲಿಯ ಸಾಲಿನಲ್ಲಿ, ಹಿತ್ತಿಲ ಮೂಲೆಯಲ್ಲಿ, ಕೆರೆಯ ಏರಿಯ ಕೆಳಗೆ, ಸಾಗಡೆಯೂ ಸೀತಾಶೋಕವೂ ಬೆಳೆಯಲಿ. ದೇವಸ್ಥಾನದ ಬಯಲಿನಲ್ಲಿ ಅರಳಿಯೂ ಶಾಲೆಯ ಬಯಲಿನಲ್ಲಿ ನಾಡಬಾದಾಮಿಯೂ ಇರಲಿ. ಸಾಗಡೆಯು ನೋಟಕ್ಕೆ ಮಾತ್ರ ಒದಗುವ ಮರವಲ್ಲ: ಅದರ ಬೀಜದಿಂದ ಎಣ್ಣೆ ಬರುತ್ತದೆ, ಅದರ ಕೊಂಬೆಗಳ ಮೇಲೆ ಬೆಳೆದ ಅರಗು ಉತ್ತಮವಾದುದೆಂದು ಹೆಸರಾಗಿದೆ, ಅದರ ಹುಳಿಹಣ್ಣನ್ನು ಮನುಷ್ಯರೂ ಪಕ್ಷಿಗಳೂ ಸವಿಯುತ್ತಾರೆ, ಅದರ ಮರ ಗಟ್ಟಿಯಾದುದು. ತೋಟದ ಅಂಚಿನಲ್ಲಿ ಉದುರಿದ ಎಲೆಯು ಅಡಕೆಯ ಬುಡಕ್ಕೆ ಗೊಬ್ಬರವಾಗಿ ಸೇರುವುದರಿಂದ, ಅಂದಕ್ಕೆಂದು ನೆಟ್ಟ ಮರವು ಬೇಸಾಯಕ್ಕೂ ನೆರವಾಗುತ್ತದೆ.

ಕ್ರೋಟನ್ನನ್ನೂ ತೂಜವನ್ನೂ ಕಿತ್ತುಹಾಕಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಮೂರು ನಾಲ್ಕು ತಲೆಮಾರುಗಳಿಂದ ನಮ್ಮ ಹೆಣ್ಣುಮಕ್ಕಳು ನೀರೆರೆದು ಬೆಳೆಸಿದ ಆ ಗಿಡಗಳು ಈಗ ಮನೆಯವೇ ಆಗಿವೆ. ಹೈದರನ ಕಾಲದಿಂದಲೂ ಪರದೇಶದ ಸಸಿಗೆ ನೆಲೆಯನ್ನು ಕೊಟ್ಟ ನಾಡು ಇದು. ಆದರೆ ಅತಿಥಿಯನ್ನು ಆದರಿಸುವ ಮನೆಯಲ್ಲಿ ಮನೆಯವರಿಗೂ ಜಾಗವಿರಬೇಕು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳು ತೇಗ, ಸಿಲ್ವರ್ ಓಕ್‌ಗಳ ಜೊತೆಗೆ ಸಾಗಡೆ, ದಿಂಡಿಗ, ಸೀತಾಶೋಕಗಳ ಸಸಿಗಳನ್ನೂ ಹೇರಳವಾಗಿ ಬೆಳೆಸಿ ಹಂಚಲಿ. ಉಪಾಧ್ಯಾಯರು ಫಾಲ್ಗುಣ ಮಾಸದಲ್ಲಿ ಒಂದು ದಿನ ಮಕ್ಕಳನ್ನು ಉಬ್ರಾಣಿಯ ಗುಡ್ಡದ ಅಂಚಿಗೆ ಕರೆದೊಯ್ದು, ಯಾವ ಮರ ಯಾವ ಬಣ್ಣದಲ್ಲಿ ಚಿಗುರುವುದೆಂದು ತೋರಿಸಲಿ. ಊರಿನ ಹಿರಿಯರು ಮನೆಯಲ್ಲಿ ಮಗು ಹುಟ್ಟಿದಾಗ ಹಿತ್ತಿಲಲ್ಲಿ ಇಂಥದೊಂದು ಸಸಿಯನ್ನು ನೆಡಿಸಲಿ. ವಸಂತಮಂಟಪವನ್ನು ಕಲ್ಲಿನಲ್ಲಿ ಕಡೆಯಿಸಿದ ನಾಯಕರಿಗೆ ರಾಜ್ಯವಿದ್ದಿತು, ಬೊಕ್ಕಸವಿದ್ದಿತು. ಅದೇ ಋತುವನ್ನು ಅಂಗಳಕ್ಕೆ ಬರಮಾಡಿಕೊಳ್ಳಲು ನಮಗೆ ಬೇಕಾಗಿರುವುದು ಒಂದು ಮುಷ್ಟಿ ಬೀಜವೂ, ಮೊದಲ ಮೂರು ಬೇಸಗೆಗಳಲ್ಲಿ ಅದಕ್ಕೆ ನೀರೆರೆಯುವ ಶ್ರದ್ಧೆಯೂ ಮಾತ್ರ.